ನಲವತ್ತು ವರ್ಷದವರಿಗೆ ಇಟ್ಟಿಗೆ ಸೆಟ್ಟು

ಭಾನುವಾರ, ಬೆಳಗ್ಗೆ

ಚಿನ್ನಿ,

ಮೊದಲು ‘ಪ್ರೀತಿಯ’ ಎಂದು ಬರೆದಿದ್ದೆ, ಆಮೇಲೆ ಹೊಡೆದುಹಾಕಿದೆ. ಬೆಳಕಿಗೆ ಹಿಡಿದರೆ ಕಾಣುತ್ತದೆ. ಕಾಣಲಿ. ಇಲ್ಲಿ ನಾನೇನೂ ಕ್ಷೇಮವಾಗಿಲ್ಲ, ನೀನು ಕ್ಷೇಮವೇ ಎಂದು ಕೇಳುವ ಮನಸ್ಸೂ ಇಲ್ಲ. ಫೋನಿನಲ್ಲಿ ನೀನು ನಡುವೆ ಬಾಯಿ ಹಾಕುತ್ತೀಯ. ಆಗ ನನಗೆ ಹೇಳಬೇಕಾದ್ದು ಮರೆತು ಹೇಳಬಾರದ್ದು ನೆನಪಾಗುತ್ತದೆ. ಅದಕ್ಕೇ ಕಾಗದ. ಪೂರ್ತಿ ಓದಿ ಮುಗಿಸುವ ತನಕ ಸುಮ್ಮನಿರು.

ವಿತ್ ರೆಫರೆನ್ಸ್ ಟು ಯುವರ್ ಟೆಲಿಫೋನ್. “ಮೊದ್ಲು ಅವ್ರ ಹತ್ರ ಸಾರಿ ಕೇಳು, ಆಮೇಲೆ ಶನಿವಾರ ಊಟಕ್ಕೆ ಬಾ” ಅಂದೆಯಲ್ಲ, ಅದಕ್ಕೆ ನನ್ನ ಉತ್ತರ: ಕೇಳುವುದಿಲ್ಲ. ನಿನ್ನ ಅಮ್ಮ ಹೋದ ಮೇಲೆ ವಾರದಲ್ಲಿ ನಾನು ಇನ್ನೊಬ್ಬರ ಎದುರು ಕೂತು ಉಣ್ಣುತ್ತಿದ್ದದ್ದು ಆ ಒಂದು ಹೊತ್ತು ಮಾತ್ರ. ಮಿಕ್ಕಿದ್ದೆಲ್ಲ ಒಲೆ ಪಕ್ಕ ನಿಂತುಕೊಂಡು, ಪಾತ್ರೆಗೇ ಕೈ ಹಾಕಿ. ಅದು ನಿನಗೆ ಗೊತ್ತು. ಗೊತ್ತಿದ್ದೂ ಸರಿಯಾಗಿ ಅದನ್ನೇ ಹಿಡಿದು ತಿರುಚಿದೆ. ಭೇಷ್. ಎಲ್ಲಿ ಹಿಡಿದರೆ ನೋಯುತ್ತದೆ ಎಂದು ತಿಳಿದುಕೊಳ್ಳುವ ಬುದ್ಧಿ ನಿನಗೆ ನನ್ನಿಂದಲೇ ಬಂದಿರಬೇಕು.

ಇಷ್ಟಕ್ಕೂ ಶುರು ಮಾಡಿದ್ದು ಯಾರು? “ಅಪ್ಪ, ಈ ಸಲ ಅವ್ರಿಗೆ ಇಟ್ಟಿಗೆ ಸೆಟ್ ತಗೊಂಡ್ಬಾ, ನಲವತ್ತು ತುಂಬತ್ತೆ, ಖುಷಿಪಡ್ತಾರೆ” ಅಂದವಳು ನೀನು. ಮೊದಲು ನಾನು ಮನೆ ಕಟ್ಟಿಸುತ್ತಿದ್ದೀರೇನೋ ಅಂದುಕೊಂಡೆ. “ಅಯ್ಯೋ ಆಟದ್ದು ಅಪ್ಪ, ಪ್ಲಾಸ್ಟಿಕ್‌ದು, ದೊಡ್ಡವ್ರಿಗೇ ಅಂತ ಬರತ್ತೆ” ಅಂದೆ. ದೊಡ್ಡವರ ಆಟದ ಸಾಮಾನು! ಇಡೀ ದಿನ ಊರವರ ಬಾಯೊಳಗೆ ಹಲ್ಲು ಕೂರಿಸುವ ಡಾಕ್ಟರಿಗೆ ಸಂಜೆ ಮನೆಗೆ ಬಂದು ಇಟ್ಟಿಗೆ ಕೂರಿಸುವ ಚಟ. ಇರಲಿ. ಒಬ್ಬೊಬ್ಬರಿಗೆ ಒಂದೊಂದು. ನಾನು ಏನಾದರೂ ಅಂದೆನಾ?

ಅಂಗಡಿಗೆ ಹೋದೆ. ಹುಡುಗಿ ಕೇಳಿದಳು, “ಮಗೂಗೆ ಎಷ್ಟು ಸಾರ್?” ನಲವತ್ತು ಅಂದೆ. “ನಲವತ್ತು ತಿಂಗಳಾ?” ಅಲ್ಲಮ್ಮ, ನಲವತ್ತು ವರ್ಷ, ಅಳಿಯ, ಡೆಂಟಿಸ್ಟು ಅಂದೆ. ಆ ಹುಡುಗಿ ನಗಲೇ ಇಲ್ಲ, ಅಷ್ಟು ಮರ್ಯಾದೆ ಕಲಿತವಳು. ಮೂಲೆಯ ಕಪಾಟಿಗೆ ಕರೆದುಕೊಂಡು ಹೋಗಿ, “ಈ ಸೆಟ್ ತಗೊಳ್ಳೋ ಗಂಡಸರಲ್ಲಿ ಮೂರು ಥರ ಸಾರ್. ಗಾಡಿ ಹುಚ್ಚಿನವ್ರು, ಕಟ್ಟಡದ ಹುಚ್ಚಿನವ್ರು, ಹೆಂಡ್ತಿ ಬೈಗುಳ ಕೇಳಿಸ್ಬಾರ್ದು ಅಂತ ಕೂತ್ಕೊಳ್ಳೋರು. ನಿಮ್ಮ ಅಳಿಯಂದಿರು ಯಾವ ಥರ?” ಅಂದಳು.

ನನಗೆ ಗೊತ್ತಿರಲಿಲ್ಲ. ಮದುವೆಯಾಗಿ ಇಷ್ಟು ವರ್ಷವಾದರೂ ನಿನ್ನ ಗಂಡ ಯಾವ ಥರ ಅಂತ ನನಗೆ ಗೊತ್ತಿಲ್ಲ ಎಂಬುದು ಆ ಕಪಾಟಿನ ಮುಂದೆ ನಿಂತಾಗ ಗೊತ್ತಾಯಿತು. ಶನಿವಾರ ಶನಿವಾರ ಎದುರಿಗೇ ಕೂತು ಉಂಡಿದ್ದೇನೆ. ಹವೆ ಹೇಗಿದೆ ಅಂತ ಅವರು, ಪರವಾಗಿಲ್ಲ ಅಂತ ನಾನು. ಮೂರನೆಯ ಥರ ಇರಬಹುದು ಅಂದೆ. ಈಗ ನಕ್ಕಳು.

ಕಾರು, ವಿಮಾನ, ಕ್ಯಾಮೆರಾ, ಹೂವಿನ ಗೊಂಚಲು, ಎಲ್ಲ ಇಟ್ಟಿಗೆಯದ್ದೇ. ಒಂದೊಂದು ಪೆಟ್ಟಿಗೆಯನ್ನೂ ಕೆಳಗಿಳಿಸಿಕೊಂಡು ಕನ್ನಡಕ ಹಾಕಿ ಓದಿದೆ. ಕೊನೆಗೆ ಒಂದು ಸಿಕ್ಕಿತು. ರಸ್ತೆ ಮೂಲೆಯ ಮಹಡಿ ಮನೆ. ಕೆಳಗೆ ಬೇಕರಿ. ಮೇಲೆ ಏನಿತ್ತು ಅಂತ ನಿನಗೆ ಗೊತ್ತಾ? ಗೊತ್ತಿಲ್ಲ. ಯಾರೂ ನೋಡಲಿಲ್ಲವಲ್ಲ! ಮೇಲೆ ಹಲ್ಲಿನ ಡಾಕ್ಟರ ಕ್ಲಿನಿಕ್. ಹಿಂದಕ್ಕೆ ಬಾಗುವ ಕುರ್ಚಿ, ತಲೆ ಮೇಲೆ ದೀಪ, ಬಾಯಿ ಮುಕ್ಕಳಿಸುವ ಪುಟ್ಟ ಬೋಗುಣಿ, ಬಿಳಿ ಕೋಟಿನ ಗೊಂಬೆ. ಪೆಟ್ಟಿಗೆಯ ಹಿಂಬದಿಯಲ್ಲಿ ಬೆರಳುಗುರಿನಷ್ಟು ಚಿತ್ರ, ಅದನ್ನು ನಾನು ಕಂಡುಹಿಡಿದೆ. ಎಂಥ ಸೆಲೆಕ್ಷನ್ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡು ಬಸ್ಸಿನಲ್ಲಿ ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಬಂದೆ.

ಈಗ ನಿನ್ನ ಪ್ರಕಾರ ನನ್ನ ಅಪರಾಧಕ್ಕೆ ಬರುತ್ತೇನೆ. ಫ್ಯಾನ್ ಕಾರ್ಖಾನೆಯಲ್ಲಿ ನನ್ನದು ಕೊನೆಯ ಮೇಜು. ನಾನು ತಿರುಗಿಸಿ, ಅಲುಗಾಡಿಸಿ, ಕಿವಿ ಇಟ್ಟು ಕೇಳದೆ ಒಂದು ಫ್ಯಾನೂ ಗೇಟು ದಾಟಿಲ್ಲ. ಅಂಥವನು ಸೀಲು ಒಡೆಯದ ಪೆಟ್ಟಿಗೆಯನ್ನು ಹಾಗೇ ತಂದು ಕೊಟ್ಟುಬಿಡಲೇ? ಒಳಗೆ ಒಂದು ತುಂಡು ಕಡಿಮೆ ಇದ್ದರೆ? ನಿಮ್ಮ ಬಂಧುಬಳಗದ ಮುಂದೆ ಮಾವ ಹಾಳು ಮಾಲು ತಂದ ಅಂತ ಆಗಬೇಕೇ? ಒಡೆದು ನೋಡಿದೆ. ಎಲ್ಲ ತುಂಡೂ ಇದೆಯೋ ಇಲ್ಲವೋ ಎಂದು ತಿಳಿಯಬೇಕಾದರೆ ಕಟ್ಟಿಯೇ ನೋಡಬೇಕು. ಕಟ್ಟಿದೆ. ಒಂದು ವಾರ ಹಿಡಿಯಿತು. ಊಟದ ಮೇಜಿನ ಮೇಲಿದ್ದ ಹಳೆ ಪೇಪರು, ಔಷಧಿ ಡಬ್ಬ ಎಲ್ಲ ತೆಗೆದೆ. ನಿನ್ನ ಅಮ್ಮ ಹೋದ ಮೇಲೆ ಆ ಮೇಜಿನ ಬಣ್ಣ ನೋಡಿದ್ದು ಅವತ್ತೇ. ಇಟ್ಟಿಗೆ ಹೇಗೂ ಅಲ್ಲಿರುತ್ತಿತ್ತು, ತಟ್ಟೆಯನ್ನೂ ಅಲ್ಲಿಗೇ ತಂದು ಕೂತು ಉಣ್ಣುತ್ತಿದ್ದೆ. ನೀನು ಕೇಳಲಿಲ್ಲ, ನಾನು ಹೇಳಲಿಲ್ಲ.

ಆಮೇಲೆ ಅಲುಗಾಡಿಸಿದೆ. ಅದು ನನ್ನ ಕೆಲಸ. ಛಾವಣಿ ಕಳಚಿ ಬಿತ್ತು. ನಿಮ್ಮ ಮನೆಗೆ ಎರಡು ಬಸ್ಸು, ಆ ರಸ್ತೆ, ಆ ಡ್ರೈವರುಗಳು. ಅದಕ್ಕೆ ಗಟ್ಟಿ ಅಂಟು ತಂದು ಸಾಲು ಸಾಲಾಗಿ ಹಚ್ಚಿ ಕೂರಿಸಿದೆ. ಗೋಡೆ, ಮಹಡಿ, ಛಾವಣಿ, ಎಲ್ಲ. ಬೆರಳಿನ ಚರ್ಮ ಎದ್ದುಬಂದಿದೆ, ಇನ್ನೂ ಪೂರ್ತಿ ಮಾಗಿಲ್ಲ. ಟು ದಿ ಬೆಸ್ಟ್ ಆಫ್ ಮೈ ನಾಲೆಜ್ ಅಂಡ್ ಮುಂದಿನದೇನೋ, ಅಂಥ ಗಟ್ಟಿ ಮನೆ ಆ ಕಂಪನಿಯವರೂ ಕಟ್ಟಿಲ್ಲ.

ಹುಟ್ಟುಹಬ್ಬದ ದಿನ ಪೇಪರು ಬಿಚ್ಚಿದಾಗ ನಿಮ್ಮ ಹಾಲ್‌ನಲ್ಲಿ ಕೂತಿದ್ದವರ ಮುಖವೆಲ್ಲ ಸಪ್ಪಗಾಯಿತು. ಅಳಿಯಂದಿರ ಕಾಂಪೌಂಡರು “ಓಹೋ, ರೆಡಿಮೇಡ್!” ಅಂದ. ಒಂದಿಬ್ಬರು ಕಿಸಕ್ಕೆಂದರು. ನಿನ್ನ ಗಂಡ ಛಾವಣಿಯನ್ನು ಎತ್ತಲು ನೋಡಿದರು. ಬರಲಿಲ್ಲ. ಎರಡೂ ಕೈ ಹಾಕಿದರು. ಬರಲಿಲ್ಲ. ಹುಳುಕು ಹಲ್ಲನ್ನು ಕುಟ್ಟಿ ನೋಡುವ ಹಾಗೆ ಉಗುರಿನಿಂದ ಕುಟ್ಟಿ, “ಮಾವ, ಇದು...” ಅಂದರು. “ಅಂಟು. ಬೀಳಲ್ಲ” ಅಂದೆ. ಹೆಮ್ಮೆಯಿಂದಲೇ ಅಂದೆ, ಯಾಕೆ ಸುಳ್ಳು ಹೇಳಲಿ? ಕಟ್ಟುವುದೇ ಆಟ, ಮುಗಿದ ಮೇಲೆ ಮಹಡಿ ಮಹಡಿಯಾಗಿ ಎತ್ತಿ ಒಳಗೆ ನೋಡುವುದೇ ಮಜಾ ಅಂತ ನನಗೆ ಹೇಳಿದವರು ಯಾರು? ಯಾರೂ ಇಲ್ಲ! ನನ್ನ ಲೆಕ್ಕದಲ್ಲಿ ಉಡುಗೊರೆ ಅಂದರೆ ಕೈಗೆ ಬಂದ ಕ್ಷಣ ಕೆಲಸ ಮಾಡಬೇಕು. ಫ್ಯಾನನ್ನು ಬಿಡಿಬಿಡಿಯಾಗಿ ಕೊಟ್ಟು ನೀವೇ ಜೋಡಿಸಿಕೊಂಡು ಖುಷಿಪಡಿ ಅಂದರೆ ಗಿರಾಕಿ ತಲೆಗೆ ಹೊಡೆಯುತ್ತಾನೆ.

ನೀನು ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋದೆ. “ಅವ್ರು ತಿಂಗಳಿಂದ ಕಾಯ್ತಿದ್ರು ಅಪ್ಪ! ಆಟ ಪೂರ್ತಿ ನೀನೇ ಆಡಿ, ಎಂಜಲು ತಂದುಕೊಟ್ಟಿದೀಯ!” ಅಂದೆ. ಎಂಜಲು. ಆ ಮಾತನ್ನು ನಾನು ನುಂಗಿಕೊಂಡೆ. ಆಮೇಲೆ ಅಂದೆಯಲ್ಲ ಇನ್ನೊಂದು, “ಅಮ್ಮ ಇದ್ದಿದ್ರೆ ಹಿಂಗಾಗ್ತಿರ್ಲಿಲ್ಲ” ಅಂತ. ಅದು ಇನ್ನೂ ಗಂಟಲಲ್ಲೇ ಇದೆ. ಚಪ್ಪಲಿ ಮೆಟ್ಟಿಕೊಂಡು ಉಣ್ಣದೆ ಹೊರಟೆ. ನೀನು ಬಾಗಿಲ ತನಕ ಬರಲಿಲ್ಲ. ಬಸ್‌ಸ್ಟಾಪಿನಲ್ಲಿ ಎರಡು ಬಸ್ಸು ಬಿಟ್ಟು ಕೂತಿದ್ದೆ. ಬಸ್ಸು ತುಂಬಿತ್ತು ಅಂತ ಇಟ್ಟುಕೋ.

ಹೌದು, ಅಮ್ಮ ಇದ್ದಿದ್ದರೆ ಹೀಗಾಗುತ್ತಿರಲಿಲ್ಲ. ನಿನ್ನ ಗಂಡನಿಗೆ ಇಷ್ಟು ವರ್ಷ ‘ಮಾವ ಕೊಟ್ಟಿದ್ದು’ ಅಂತ ಬಂದ ಷರಟು, ಪೆನ್ನು, ಚರ್ಮದ ಚೀಲ ಒಂದನ್ನೂ ನಾನು ಆರಿಸಿರಲಿಲ್ಲ. ಅವಳು ಸುತ್ತಿ ಕೈಗೆ ಕೊಟ್ಟರೆ ನಾನು ನಿಮ್ಮ ಬಾಗಿಲಲ್ಲಿ ಮುಂದೆ ಚಾಚುತ್ತಿದ್ದೆ. ಒಳಗೆ ಏನಿದೆ ಎಂದು ನೀವು ಬಿಚ್ಚಿದಾಗ ನಾನೂ ನಿಮ್ಮ ಜೊತೆಗೇ ನೋಡುತ್ತಿದ್ದೆ. ಹುಟ್ಟಿದಾಗಿನಿಂದ ನಾನಾಗಿಯೇ ಅಂಗಡಿಗೆ ಹೋಗಿ ಒಬ್ಬ ಮನುಷ್ಯನಿಗೆ ಅಂತ ಆರಿಸಿದ ಮೊದಲನೇ ಉಡುಗೊರೆ ಇದು. ಮೊದಲನೇದಕ್ಕೇ ನಿನ್ನ ಕೈಯಲ್ಲಿ ರಿಜೆಕ್ಟ್. ನಮ್ಮ ಕಾರ್ಖಾನೆಯಲ್ಲಿ ಕೂಡ ಹೊಸಬನ ಮೊದಲ ಫ್ಯಾನು ಕೆಟ್ಟರೆ ಉಗಿಯುತ್ತಿರಲಿಲ್ಲ. ಎಲ್ಲಿ ತಪ್ಪಿತು ಅಂತ ತೋರಿಸಿಕೊಡುತ್ತಿದ್ದೆವು.

ಇನ್ನು ಅಳಿಯಂದಿರ ನೋವು. ನೀನು ಅವರ ಪರವಾಗಿ ಗಂಟಲು ಹರಿದುಕೊಳ್ಳುತ್ತಿದ್ದೀಯ, ಅವರು ಏನಂದರು ಅಂತ ಕೇಳಿದ್ದೀಯಾ? ಅದಾದ ಮೇಲೆ ಅವರು ಆ ಮನೆಯನ್ನು ಕ್ಲಿನಿಕ್ಕಿಗೆ ತೆಗೆದುಕೊಂಡು ಹೋದರು. ಒಂದು ದಿನ ಪೇಷೆಂಟು ಇಲ್ಲದ ಹೊತ್ತಿನಲ್ಲಿ ಬಾಯೊಳಗೆ ನೋಡುವ ಆ ಉದ್ದ ಹಿಡಿಕೆಯ ಕನ್ನಡಿ ಇದೆಯಲ್ಲ, ಅದನ್ನು ಮಹಡಿಯ ಕಿಟಕಿಯೊಳಗೆ ತೂರಿಸಿ, ಟಾರ್ಚು ಬಿಟ್ಟು ನೋಡಿದರಂತೆ. ನೋಡಿದವರೇ ನನಗೆ ಫೋನು. “ಮಾವ! ಒಳಗೆ ನನ್ನ ಕುರ್ಚಿ ಇದೆಯಲ್ರೀ! ಬೇಕಂತಲೇ ತಗೊಂಡ್ರಾ?” ಮತ್ತೆ ಬೇಡದೆ ತಗೊಳ್ಳುತ್ತಾರಾ ಅಂದೆ. ಅವರು ಮತ್ತೊಮ್ಮೆ ಕನ್ನಡಿ ತೂರಿಸಿ ನೋಡಿದರೇನೋ. ಆಮೇಲೆ, “ಕುರ್ಚೀನ ತಿರುಗಾಮುರುಗಾ ಕೂರಿಸಿದೀರಿ ಮಾವ, ಪೇಷೆಂಟಿನ ಬಾಯಿ ಗೋಡೆ ಕಡೆ ಇದೆ” ಅಂದರು. ಪೆಟ್ಟಿಗೆಯ ಜೊತೆ ಬಂದ ಪುಸ್ತಕದಲ್ಲಿ ಹಾಗೇ ಇತ್ತು ಅಂದೆ. ಸಾಧ್ಯವೇ ಇಲ್ಲ ಅಂದರು. ಹವೆಯ ವಿಷಯ ಬಿಟ್ಟು ನಾವಿಬ್ಬರು ಮೊದಲನೇ ಸಲ ಜಗಳ ಆಡಿದ್ದು ಅವತ್ತು. ಅರ್ಧ ಗಂಟೆ! ನಿನಗೆ ಹೇಳಬೇಡಿ ಅಂದವನು ನಾನೇ. ಮೇಲಿನ ಮಹಡಿಯ ವಿಷಯ ಮುಂದೆ ಮಾಡಿ ಮಗಳ ಮನೆಯ ಊಟಕ್ಕೆ ಅರ್ಜಿ ಹಾಕಿದ ಹಾಗಾಗುತ್ತದೆ. ಅಂಥ ಅರ್ಜಿ ನಾನು ಬರೆಯುವುದಿಲ್ಲ.

ಆದ್ದರಿಂದ ಐ ಬೆಗ್ ಟು ಡಿಫರ್. ನೋವೇ ಆಗದವರ ಹತ್ತಿರ ಸಾರಿ ಕೇಳಿ ನಾನೇನು ಮಾಡಲಿ? ನೊಂದವಳು ನೀನು. ನಿನ್ನ ಸಿಟ್ಟು ಇಟ್ಟಿಗೆಯದ್ದಲ್ಲ ಅಂತ ನನಗೂ ಹೊಳೆಯುತ್ತದೆ. ಆಸ್ಪತ್ರೆಯಿಂದ ಅಮ್ಮ ಇಲ್ಲದೆ ವಾಪಸು ಬಂದ ದಿನ ನೀನು ನನ್ನ ಮೇಲೆ ಒಂದು ಮಾತೂ ಕೂಗಲಿಲ್ಲ, ನಾನೂ ಕೂಗಲಿಲ್ಲ. ಇಬ್ಬರೂ ಬಂದವರಿಗೆ ಕುರ್ಚಿ ಹಾಕುತ್ತಾ ಓಡಾಡಿದೆವು. ಈಗ ಕೂಗು. ಅವಳ ಹೆಸರು ಹಿಡಿದೇ ಕೂಗು. ನಾನೂ ಕೂಗುತ್ತೇನೆ, ನನ್ನ ಹತ್ತಿರವೂ ಬೇಕಾದಷ್ಟಿದೆ. ಅಳಿಯಂದಿರನ್ನು ನಡುವೆ ನಿಲ್ಲಿಸಿಕೊಳ್ಳಬೇಡ, ಅವರಿಗೆ ಊರವರ ಹಲ್ಲುಗಳ ಗೋಳೇ ಸಾಕಷ್ಟಿದೆ.

ಶನಿವಾರ ನಾನು ಬರುವುದಿಲ್ಲ. ಕರೆಯಬೇಡ.

ಯುವರ್ಸ್ ಫೇತ್‌ಫುಲಿಯೂ ಅಲ್ಲ, ಒಬೀಡಿಯೆಂಟ್ಲಿಯಂತೂ ಅಲ್ಲವೇ ಅಲ್ಲ,
ಬರೀ
ನಿನ್ನ ಅಪ್ಪ

ತಾ.ಕ.: ಇಷ್ಟು ಬರೆದ ಮೇಲೆ ಮುಚ್ಚಿಟ್ಟು ಏನು? ನೀನು ಬೇಡ ಅಂದ ಮೇಲೆ ಶನಿವಾರ ಮಧ್ಯಾಹ್ನ ನಾನು ಉಣ್ಣುತ್ತಿರುವುದು ಕ್ಲಿನಿಕ್ಕಿನಲ್ಲಿ. ಮೊದಲ ವಾರ ಅವರೇ ಫೋನು ಮಾಡಿ ಕರೆದರು, ಅವರ ಡಬ್ಬಿಯಲ್ಲೇ ಇಬ್ಬರೂ ಹಂಚಿಕೊಂಡೆವು, ಅರ್ಧ ಹೊಟ್ಟೆ. ನಿನ್ನೆ ಡಬ್ಬಿ ದೊಡ್ಡದಿತ್ತು, ಚಮಚ ಎರಡಿತ್ತು. “ಅವಳಿಗೇನೂ ಗೊತ್ತಿಲ್ಲ ಮಾವ, ಯಾಕೋ ಜಾಸ್ತಿ ಹಾಕಿದಾಳೆ” ಅಂದರು, ಪಾಪ, ನಂಬಿಕೊಂಡೇ ಅಂದರು. ನಾನೂ ಇರಬಹುದು ಅಂದೆ. ಆದರೆ ಪಲ್ಯದಲ್ಲಿ ಉಪ್ಪು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ನನಗೆ ಬಿಪಿ ಅಂತ ಡಾಕ್ಟರು ಹೇಳಿದ ಮೇಲೆ ನಿನ್ನ ಅಮ್ಮ ಹಾಕುತ್ತಿದ್ದಳಲ್ಲ, ಅಷ್ಟೇ. ನಿನ್ನ ಗಂಡ ಮುಖ ಹಿಂಡಿಕೊಂಡು ಉಂಡರು. ಅವರಿಗೆ ಬಿಪಿ ಇಲ್ಲ, ಚಿನ್ನಿ.