ಏಳು ಹೊನ್ನೆಮರಗಳ ಕೆಂಪು

ಮಾಸೂರು
೨೦ ಜನವರಿ ೨೦೨೫

ಪ್ರೀತಿಯ ಹಮೀದುನ್ನೀಸಾ,

ಸವಣೂರಿನ ಮಗಳ ಮನೆ ಒಗ್ಗಿತೇ? ಮೊಣಕಾಲು ನೋವು ಹೇಗಿದೆ? ನಿನ್ನ ಕಾಗದ ಬಂದು ತಿಂಗಳಾಯಿತು. ತಡ ಮಾಡಿದ್ದಕ್ಕೆ ಬೈದುಕೋ, ಆದರೆ ಪೂರ್ತಿ ಓದು.

ನಮ್ಮ ಹೊನ್ನೆಯ ತಾಯಿಮರಗಳು ಹೋದವು. ಏಳೂ ಹೋದವು. ಬೋಳು ಗುಡ್ಡಕ್ಕೆ ನಾವಿಬ್ಬರೂ ಕೊಡ ಹೊತ್ತು ಹದಿನಾರು ವರ್ಷ ಬೆಳೆಸಿದ ಕಾಡು ಆ ಏಳರ ಬೀಜದ್ದೇ ಅಲ್ಲವೇ?

ಈ ಸಲ ಅರಣ್ಯ ಸಮಿತಿಯ ಬಡಗಿ ಶೆಡ್ಡಿಗೆ ಬಾಗಿಲು, ಚೌಕಟ್ಟಿನ ಕೆಲಸ ಬಂದಿತ್ತು. ಒತ್ತಾಗಿ ಬೆಳೆದ ಮರಗಳನ್ನಷ್ಟೇ ಕಡಿಯಲು ಇಲಾಖೆಯ ಒಪ್ಪಿಗೆಯೂ ಸಿಕ್ಕಿತ್ತು. ನಮ್ಮ ಪದ್ಧತಿ ನಿನಗೆ ಗೊತ್ತು: ಕೆಂಪು ಹಚ್ಚಿದ್ದನ್ನು ಕಡಿಯಬೇಕು, ಉಳಿದದ್ದನ್ನು ಮುಟ್ಟಬಾರದು. ಬಣ್ಣದ ಡಬ್ಬಿ ಎಂದಿನಂತೆ ಸಮಿತಿಯ ಗುತ್ತೆಪ್ಪನ ಕೈಯಲ್ಲೇ. ಅವನು ಗುರುತು ಹಾಕಿ, ಲಾರಿ ಮಾತಾಡಲು ಹಿರೇಕೆರೂರಿಗೆ ಹೋದ ದಿನವೇ ಹಾನಗಲ್ಲಿನಿಂದ ಬಂದ ಕಡಿಯುವವರು ತಾಯಿಮರಗಳಿಗೂ ಗರಗಸ ಹಾಕಿದರು. ಕೇಳಿದರೆ, "ಕೆಂಪ ಇತ್ರಿ, ಅದಕ್ಕ ಕಡದ್ವಿ" ಎಂದರು. ನಾನು ಓಡಿಹೋದಾಗ ಹೊನ್ನೆಯ ಕೆಂಪು ಹಾಲು ಮರದ ಮೈಯೆಲ್ಲ ಹರಿದಿತ್ತು. ಬಣ್ಣ ಯಾವುದು, ಹಾಲು ಯಾವುದು ಯಾರಿಗೂ ತಿಳಿಯಲಿಲ್ಲ.

ಇಲಾಖೆಯವರು ಒಪ್ಪಿಗೆ ಹಿಂದಕ್ಕೆ ಪಡೆದು ಶೆಡ್ಡಿಗೆ ಬೀಗ ಜಡಿದಿದ್ದಾರೆ. ಹನ್ನೆರಡು ಮನೆಯವರು ಕೈಕಟ್ಟಿ ಕುಳಿತಿದ್ದಾರೆ. ಸಮಿತಿ ಗುತ್ತೆಪ್ಪನನ್ನು ಹೊರಗೆ ಹಾಕಿತು. ಅವನ ಹೆಂಡತಿ ಭರಮವ್ವ ದಾರಿಯಲ್ಲಿ ನನ್ನನ್ನು ತಡೆದು, "ಆ ಗಿಡದ ಬುಡಕ್ಕ ಚಪ್ಪಲಿ ಹಾಕ್ಕೊಂಡು ಹೋಗದಾಂವ ಅದನ್ನ ಕಡಸ್ತಾನೇನ್ರಿ, ಅಕ್ಕಾರ?" ಎಂದು ಕೇಳಿದಳು. ನಾನು ತಲೆ ತಗ್ಗಿಸಿ ಬಂದೆ.

ನೀನು ಒಯ್ದ ಬೀಜದ ಡಬ್ಬಿಯಲ್ಲಿ ಹೊನ್ನೆ ಒಂದು ಹಿಡಿಯಾದರೂ ಉಳಿದಿದೆಯೇ? ಹಳೆಯದಾದರೂ ಸರಿ, ಕಳಿಸು. ನನಗೆ ಬೇರೆ ದಾರಿ ತೋಚುತ್ತಿಲ್ಲ. ಊಟ ಸೇರುತ್ತಿಲ್ಲ, ಗುಡ್ಡದ ಕಡೆ ಮುಖ ಮಾಡಲಾಗುತ್ತಿಲ್ಲ.

ಮೊಮ್ಮಗಳು ಸುಹಾನಾಳಿಗೆ ನನ್ನ ಆಶೀರ್ವಾದ. ದೇವರು ನಿಮ್ಮೆಲ್ಲರನ್ನೂ ತಣ್ಣಗೆ ಇಟ್ಟಿರಲಿ.

ನಿನ್ನ
ನೀಲಾಂಬಿಕಾ

ತಾ.ಕ.: ಗುತ್ತೆಪ್ಪನ ಗುರುತು ಮುಗಿದ ಮೇಲೆ ಬಂದ ಎಳ್ಳಮಾವಾಸ್ಯೆಯ ದಿನ ಹೊಲದಲ್ಲಿ ಭೂಮಿತಾಯಿಗೆ ಎಡೆಯ ಚರಗ ಚೆಲ್ಲಿ, ಹಾಗೇ ಗುಡ್ಡ ಹತ್ತಿದ್ದೆ. ಇಷ್ಟು ವರ್ಷ ಬೀಜ ಕೊಟ್ಟ ತಾಯಂದಿರೆಂದು ಏಳೂ ಮರಗಳಿಗೆ ಎಣ್ಣೆಯಲ್ಲಿ ಕಲಸಿದ ಕುಂಕುಮವನ್ನು ಅಂಗೈ ಅಗಲ ಹಚ್ಚಿ ಕೈಮುಗಿದೆ. ಸಮಿತಿಯಲ್ಲಿ ಎಲ್ಲರೆದುರು ಗುತ್ತೆಪ್ಪ, "ಅಕ್ಕಾರ, ಹಬ್ಬದ ದಿನ ನೀವೇನರ ಕುಂಕುಮ ಹಚ್ಚಿದ್ರೇನ್ರಿ?" ಎಂದು ಕೇಳಿದ. ಇಲ್ಲ ಎಂದೆ. ಅವನು ಸ್ವಲ್ಪ ಹೊತ್ತು ತನ್ನ ಕೈ ನೋಡಿಕೊಂಡ. "ಅಕ್ಕಾರು ಇಲ್ಲಂದ್ರ ಇಲ್ಲ. ಹಂಗಾರ ನನ್ನ ಕೈಲೇ ಆಗಿರಬೇಕ್ರಿ" ಎಂದ.