ಸಪೋಟ ಮರಕ್ಕೆ ಕಟ್ಟಿದ ಸಿ.ಡಿ.

ಹಾರೋಹಳ್ಳಿ
೧೧-೩-೨೦೦೮

ಚಿರಂಜೀವಿ ಅನಂತರಾಜುವಿಗೆ ಭಾವನ ಆಶೀರ್ವಾದಗಳು.

ನಿನ್ನಕ್ಕನ ವರ್ಷದ ತಿಥಿಯ ದಿನ ಅವಳು ಹಾಡಿದ್ದ ರಾಗಿ ಬೀಸುವ ಪದ ಹಾಕಿದಾಗ, ಅತ್ತೆಯವರು "ಇದು ನನ್ ಮಗಳ ದನಿ ಅಲ್ಲ ಕಣಪ್ಪ, ಯಾರೋ ಗಂಟ್ಲು ಅದುಮ್ದಂಗೈತೆ" ಎಂದು ಎದ್ದುಹೋದರು. ಅವರು ಹೇಳಿದ್ದು ಸರಿ. ಆ ಹಾಡನ್ನು ಸಿ.ಡಿ. ಮಾಡಿಕೊಟ್ಟ ಸ್ಟುಡಿಯೋದವರು, ದನಿ ಒಡೆಯದಿರಲೆಂದು ಅದು ಏರುವ ಕಡೆಯಲ್ಲೆಲ್ಲ ಅದುಮಿ, ಮತ್ತೆ ಬಿಡಿಸುವ ಸಂಕೇತವನ್ನು ಹಾಡಿನೊಳಗೇ, ಕಿವಿಗೆ ಕೇಳಿಸದಷ್ಟು ಸಣ್ಣದಾಗಿ ಅಡಗಿಸಿದ್ದಾರೆ. ಅದನ್ನು ಓದುವ ತಂತ್ರಾಂಶ ಈಗ ನನ್ನ ಕಂಪ್ಯೂಟರಿನಲ್ಲಿದೆ.

ಆದರೆ ನೀನು ಕೊಟ್ಟ ಪ್ರತಿಯಲ್ಲಿ ಆ ಸಂಕೇತವಿಲ್ಲ. "ದನಿ ಮೆಲ್ಲಗಿತ್ತು ಭಾವ, ಊರ್ಗೆಲ್ಲ ಕೇಳ್ಲಿ ಅಂತ ಒಸಿ ಜೋರು ಮಾಡಿ ಕಾಪಿ ಮಾಡ್ಬುಟ್ಟೆ" ಎಂದೆಯಲ್ಲ, ಅಷ್ಟಕ್ಕೇ ಅದು ಅಳಿಸಿಹೋಗಿದೆ. ನಿನ್ನ ಮೇಲೆ ಕೋಪವಿಲ್ಲ. ಕೋಪಿಸಿಕೊಳ್ಳುವಷ್ಟು ಶಕ್ತಿಯೂ ಉಳಿದಿಲ್ಲ.

ಹಾಡು ಕಂಪ್ಯೂಟರಿಗೆ ಬಂತೆಂದು ಮೂಲ ಸಿ.ಡಿ.ಯನ್ನು ಗಿಳಿ ಬೆದರಿಸಲು ಉಯ್ಯಂಬಳ್ಳಿಯ ತೋಟದ ಸಪೋಟ ಮರಕ್ಕೆ ಕಟ್ಟಿದ್ದೀಯಂತೆ. ಸ್ಟುಡಿಯೋ ಮುಚ್ಚಿದೆ, ಬೇರೆ ಪ್ರತಿಯಿಲ್ಲ. ದಯವಿಟ್ಟು ಅದನ್ನು ಬಿಚ್ಚು. ಧೂಳಿದ್ದರೆ ಇರಲಿ, ಪಂಚೆಯ ತುದಿಯಿಂದಲೂ ಒರೆಸಬೇಡ. ಮೆತ್ತನೆಯ ಬಟ್ಟೆಯಲ್ಲಿ ಸುತ್ತಿ ನೀನೇ ತಾ. ಬಿಸಿಲಿಗೆ ಹಾಳಾಗಿರಲೂಬಹುದು, ಆದರೂ ಪ್ರಯತ್ನಿಸುತ್ತೇನೆ.

ಬರುವಾಗ ಅತ್ತೆಯವರನ್ನೂ ಕರೆದುಕೊಂಡು ಬಾ. ಕನಕಪುರದಲ್ಲಿ ಬಸ್ಸು ಬದಲಿಸುವಾಗ ಅವರಿಗೆ ಕೂರಲು ಜಾಗ ನೋಡು. ಸಂಕೇತ ಬಿಡಿಸುವುದು ನನ್ನಿಂದಾಗುತ್ತದೆ. ಆದರೆ ಆ ಅದುಮಿದ ದನಿಯನ್ನೇ ದಿನವೂ ಕೇಳಿ ಕೇಳಿ, ಅವಳ ನಿಜವಾದ ದನಿ ಹೇಗಿತ್ತೆಂಬುದು ನನಗೀಗ ನೆನಪಾಗುತ್ತಿಲ್ಲ. ಬಿಡಿಸಿದ ದನಿ ಅವಳದು ಹೌದೋ ಅಲ್ಲವೋ ಎಂಬುದನ್ನು ಅತ್ತೆಯವರೇ ಹೇಳಬೇಕು.

ನಿನ್ನ ದಾರಿ ನೋಡುವ,
ಬೋರಲಿಂಗೇಗೌಡ