ಬೇಸಿಗೆಯ ಕೌದಿ ಮತ್ತು ತಮ್ಮ ಆರೋಗ್ಯವಂತರ ಸಾಲು

ಮಾನ್ಯ ಜಿಲ್ಲಾ ಆರೋಗ್ಯಾಧಿಕಾರಿಗಳೇ,

ನಾನು ಅಪರಾಧಿ. ಈ ವರ್ಷ, ಅಂದರೆ ೧೯೮೮ರ ಶಿವರಾತ್ರಿಯ ಮರುವಾರ, ಆಳಂದದ ತಮ್ಮ ಥೈರಾಯ್ಡ್ ಶಿಬಿರದಲ್ಲಿ ಯಾವ ಕಾಯಿಲೆಯೂ ಇಲ್ಲದೆ ರಕ್ತ ಕೊಟ್ಟೆ. ಹೋಲಿಕೆಗೆ ಆರೋಗ್ಯವಂತರೂ ಬೇಕೆಂದು ಡಂಗುರ ಹೊಡೆಸಿದವರು ತಾವೇ. ನಾನೂ ನನ್ನ ಪತ್ನಿ ಸುಮಿತ್ರಾಬಾಯಿಯೂ ಆ ಸಾಲಿನಲ್ಲಿ ನಿಂತೆವು. ಇಬ್ಬರನ್ನೂ ತಮ್ಮ ಕಚೇರಿ ತಪ್ಪಾಗಿ ಅಳೆಯಿತೆಂಬುದೇ ನನ್ನ ತಕರಾರು.

ಮೊದಲು ನನ್ನ ವರದಿ ಬಂತು. ರಕ್ತದಲ್ಲಿ ಕೊರಳಿನ ಥೈರಾಯ್ಡ್ ಗ್ರಂಥಿಯ ವಿರುದ್ಧದ ಪ್ರತಿಕಾಯಗಳಿವೆಯಂತೆ. ಎಂದರೆ ಮೈಯ ಪಹರೆಯವನೇ ಮನೆಯೊಡೆಯನತ್ತ ಲಾಠಿ ಎತ್ತಿದ್ದಾನೆ. ತಮ್ಮ ವೈದ್ಯರು ಕೂಡಲೇ ಗುಳಿಗೆ ನುಂಗಿಸಿದರು. ನನ್ನ ಎದೆ ಹಲಗೆ ಬಾರಿಸಿತು; ತರಗತಿಯ ಕರಿಹಲಗೆಯ ಮೇಲೆ ನಾನು ಬರೆದ ಅಕ್ಷರಗಳು ಜೇವರ್ಗಿ ಬಸ್ಸಿನ ಪ್ರಯಾಣಿಕರಂತೆ ಕುಲುಕಾಡಿದವು. ಸೊಲ್ಲಾಪುರದ ಡಾಕ್ಟರು ಮತ್ತೆ ಪರೀಕ್ಷಿಸಿ ನಕ್ಕರು: "ಗುಳಿಗಿ ಬಿಡ್ರಿ ಮಾಸ್ತರ. ಪಹರೇದವ ಲಾಠಿ ಹಿಡದಾನ, ಹೊಡದಿಲ್ಲ. ಗ್ರಂಥಿ ಬರೋಬ್ಬರಿ ಕೆಲಸಾ ಮಾಡಾಕತ್ತದ."

ಪ್ರತಿಕಾಯವಿದ್ದ ಪ್ರತಿ ಕಾಯವೂ ರೋಗಿಯಲ್ಲ! ಇದನ್ನು ತಮ್ಮ ಕಚೇರಿಗೆ ಬಂದು ಜಗಳವಾಡಿಯೇ ಕಲಿಸಿದೆ. ಕಚೇರಿ ಅತಿಯಾಗಿ ಕಲಿತುಬಿಟ್ಟಿತು. ಮೇ ತಿಂಗಳಲ್ಲಿ ಸುಮಿತ್ರಾಬಾಯಿಯ ವರದಿಯೂ ಹಾಗೇ ಬಂದಾಗ, ವೈದ್ಯರು ತಲೆಯೆತ್ತದೆ ಅಪ್ಪಣೆ ಕೊಡಿಸಿದರು: "ಆರೋಗ್ಯವಂತರಿಗೂ ಇವು ಇರ್ತಾವ್ರಿ ಬಾಯಾರ. ಆರಾಮ ಮನೀಗಿ ಹೋಗ್ರಿ."

ತಲೆಯೆತ್ತಿದ್ದರೆ ಏನು ಕಾಣುತ್ತಿತ್ತು? ಕಾಗೆಯೂ ನೆರಳು ಬಿಟ್ಟು ಹೊರಡದ ಬಿಸಿಲಿನಲ್ಲಿ ಕೌದಿ ಹೊದ್ದು ನಡುಗುತ್ತಿದ್ದ ಹೆಂಗಸು. ಊದಿದ ಮುಖ, ಒಡಕು ದನಿ. ಪಹರೆಯವನು ಇಲ್ಲಿ ಲಾಠಿ ಬೀಸಿ ಗ್ರಂಥಿಯನ್ನು ಮಲಗಿಸಿಯೇಬಿಟ್ಟಿದ್ದನೆಂದು ಸೊಲ್ಲಾಪುರದಲ್ಲಿ ತಿಳಿಯಿತು. ಇನ್ನೂ ತಡವಾಗಿದ್ದರೆ ಎದ್ದು ನಿಲ್ಲುವುದೂ ಕಷ್ಟವಾಗುತ್ತಿತ್ತಂತೆ. ನನಗೆ ಬೇಡದ ಗುಳಿಗೆಯೇ ಆಕೆಗೆ ಬೇಕಾಗಿತ್ತು. ಕಾಗದ ನೋಡಿ ನನಗೆ ರೋಗ ಕೊಟ್ಟಿರಿ, ಕಾಗದ ನೋಡಿಯೇ ಆಕೆಯ ರೋಗ ಕಸಿದುಕೊಂಡಿರಿ. ಮನುಷ್ಯರನ್ನು ನೋಡುವ ಇಲಾಖೆ ಬೇರೆ ಇದೆಯೇ?

ಆದ್ದರಿಂದ ನನ್ನ ಆಗ್ರಹ: ಅಫಜಲಪುರದ ಮುಂದಿನ ಶಿಬಿರದಲ್ಲಿ ಪ್ರತಿಕಾಯವಿದ್ದವರೆಲ್ಲರ ಗ್ರಂಥಿಯ ಕೆಲಸವನ್ನೂ ಪರೀಕ್ಷಿಸಿ, ಮುಖವನ್ನೂ ನೋಡಿ. ಹೆಂಗಸರ ಕಷ್ಟವನ್ನು ಅವರ ಬಾಯಿಂದಲೇ ಕೇಳಿ. ವೈದ್ಯ ಪದವಿಯಿಲ್ಲದ ನನ್ನ ಕಣ್ಣಿಗೆ ಬಿದ್ದದ್ದು ತಮ್ಮ ವೈದ್ಯರಿಗೇಕೆ ಬೀಳಲಿಲ್ಲ?

ಈ ಕೊನೆಯ ವಾಕ್ಯವನ್ನು ಸುಮಿತ್ರಾಬಾಯಿಗೆ ಹೆಮ್ಮೆಯಿಂದ ಓದಿ ಹೇಳುತ್ತಿದ್ದಾಗ ಪಕ್ಕದ ಮನೆಯ ಸುಲ್ತಾನಬಿ ಗೋಡೆಯಾಚೆಯಿಂದಲೇ ತಡೆದಳು: "ನಿಮ್ಮ ಕಣ್ಣಿಗೆಲ್ಲಿ ಬಿದ್ದಿತ್ರಿ ಮಾಸ್ತರ? ಅಕ್ಕನ ರೊಟ್ಟಿ ಬಡಿಯೋ ಸಪ್ಪಳಾನೇ ಸಾವಕಾಶ ಆಗೇದ, ಸೊಲ್ಲಾಪುರಕ ಒಯ್ರಿ ಅಂದಾಕಿ ನಾ. ರೊಟ್ಟಿ ತಡಾ ಆತಂತ ಸಿಟ್ಟಾದವ್ರು ನೀವು."

ಸುಮಿತ್ರಾಬಾಯಿ ಕೌದಿಯೊಳಗಿಂದ ನಕ್ಕಳು. "ಆ ಸಾಲಿನ್ಯಾಗ ನನ್ನ ನಿಂದರಿಸಿದವ್ರು ಯಾರಂತನೂ ಬರೀರಿ."

ಬರೆಯುತ್ತೇನೆ. ಶಿಬಿರದಲ್ಲಿ ವೈದ್ಯರು ಆಕೆಗೆ "ಸುಸ್ತೇನಾದರೂ ಇದೆಯೇ?" ಎಂದು ಕೇಳಿದಾಗ, ನಮ್ಮ ಕಡೆಯ ಗಂಡಂದಿರ ರೂಢಿಯಂತೆ ಉತ್ತರ ಕೊಟ್ಟದ್ದು ನಾನು: "ಸುಸ್ತೆಲ್ಲಿದ್ರಿ ಸಾಹೇಬ್ರ, ಬರೀ ಮೈಗಳ್ಳತನ."

ಇಂತಿ,
ಆರೋಗ್ಯವಂತರ ಸಾಲಿನಲ್ಲಿ ಈಗ ಒಬ್ಬನೇ ಉಳಿದಿರುವ
ಕಲ್ಯಾಣಪ್ಪ, ಕನ್ನಡ ಉಪನ್ಯಾಸಕ, ಆಳಂದ
(ರೊಟ್ಟಿ ಬಡಿಯಲು ಕಲಿಯುತ್ತಿದ್ದಾನೆ)